ಕೊಕ್ಕೆಯ ತೂತು

ಗಿಟಾರು ಮನೆಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಊಟದ ತಟ್ಟೆಗಳನ್ನು ಇನ್ನೂ ತೆಗೆದಿರಲಿಲ್ಲ. ಮಗಳು ಬಾಗಿಲು ತಳ್ಳಿಕೊಂಡು ಬಂದವಳೇ ಮೊಣಕೈಯಿಂದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಅಂಚು ಕಿತ್ತುಹೋದ ಕಪ್ಪು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಪಾತ್ರೆ ಬೀಳುತ್ತೆ ಎಂದು ಅಮ್ಮ ಗದರಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗೆ ಎಳೆ ಹಸಿರು ಬಣ್ಣದ ಎಲೆಕ್ಟ್ರಿಕ್ ಗಿಟಾರು ಮಲಗಿತ್ತು. ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ನುಡಿಸುವವರ ಮುಂಗೈ ಊರುವ ಕಡೆ ಸವೆದು ಮರ ಕಾಣುತ್ತಿತ್ತು. ಅಜ್ಜಿ ಕನ್ನಡಕ ಏರಿಸಿ ಇದಕ್ಕೆಷ್ಟು ವಯಸ್ಸು ಎಂದು ಕೇಳಿದಳು. ಅರವತ್ತರ ಹತ್ತಿರ ಎಂದಳು ಮೊಮ್ಮಗಳು. ಬೆಲೆ ಕೇಳಿದ ಅಮ್ಮ ಉತ್ತರ ಬಂದ ಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

"ನನಗೆ ಇದಕ್ಕಿಂತ ಹದಿನೈದು ವರ್ಷ ಜಾಸ್ತಿ," ಎಂದಳು ಅಜ್ಜಿ. "ನಾನೂ ಅಲ್ಲಲ್ಲಿ ಸವೆದಿದೀನಿ. ನನಗ್ಯಾರೂ ಬೆಲೆ ಕಟ್ಟಲಿಲ್ಲವಲ್ಲೇ ತಂತಿ."

ತಂತಿ ಎನ್ನುವುದು ಅಜ್ಜಿಯೇ ಇಟ್ಟ ಅಡ್ಡಹೆಸರು. ಹನ್ನೆರಡನೇ ವಯಸ್ಸಿನಲ್ಲಿ ಹುಡುಗಿಯ ಉಬ್ಬುಹಲ್ಲಿಗೆ ಡಾಕ್ಟರು ತಂತಿ ಕಟ್ಟಿದ್ದರು. ಹಲ್ಲು ಸಾಲಿಗೆ ಬಂದವು, ತಂತಿ ಹೋಯಿತು, ಹೆಸರು ಮಾತ್ರ ಉಳಿಯಿತು. ಈಗ ಅವಳಿಗೆ ಇಪ್ಪತ್ತೆರಡು. ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಆರಿದ ಬ್ರೆಡ್ಡನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಬಂದ ಹೋಳುಗಳನ್ನು ಚೀಲಕ್ಕೆ ತುಂಬುವ ಕೆಲಸ. ವಾರಕ್ಕೆರಡು ಸಂಜೆ ಮೂರು ಜನರ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಾಳೆ. ನಾಲ್ಕು ವರ್ಷ ಅವಳು ಸಿನಿಮಾಕ್ಕೆ ಹೋಗಿಲ್ಲ, ಕಾರ್ಖಾನೆಯವರು ಸೊಟ್ಟಗಿದೆ ಎಂದು ತೆಗೆದಿಟ್ಟ ಬ್ರೆಡ್ಡನ್ನೇ ಮಧ್ಯಾಹ್ನಕ್ಕೆ ತಿಂದಿದ್ದಾಳೆ. ಎಲ್ಲವೂ ಇಂಥದೊಂದು ಗಿಟಾರಿಗಾಗಿ.

ಮಾರುತ್ತಿದ್ದವರು ಮೇಷ್ಟ್ರು. ಒಂದು ಕಾಲದಲ್ಲಿ ಗಿಟಾರು ಕಲಿಸುತ್ತಿದ್ದವರು, ಈಗ ದೊಡ್ಡ ರಸ್ತೆಯಲ್ಲಿ ಹಳೆಯ ವಾದ್ಯಗಳ ಅಂಗಡಿ ಇಟ್ಟಿದ್ದಾರೆ. ಅವರು ಅಸಲಿ ಎಂದರೆ ಅಸಲಿ. ಅವರ ಸಹಿ ಇರುವ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತಗಲಿಸಿಕೊಂಡವರಿದ್ದಾರೆ. ಮೂರನೇ ಒಂದು ಭಾಗ ಮುಂಗಡ ಕೊಡು, ಮೂರು ವಾರ ಮನೆಯಲ್ಲಿಟ್ಟುಕೊಂಡು ಏನು ಬೇಕೋ ಪರೀಕ್ಷೆ ಮಾಡು ಎಂದಿದ್ದರು ತಂತಿಗೆ. ನಕಲಿ ಅಂತ ತೋರಿಸಿಕೊಟ್ಟರೆ ಮುಂಗಡ ವಾಪಸ್. ಸುಮ್ಮನೆ ಮನಸ್ಸು ಬದಲಾಯಿಸಿದರೆ ಇಲ್ಲ. ಅಷ್ಟು ಧೈರ್ಯ ಅವರದು.

ಅಪ್ಪ ಕ್ಷೌರಕ್ಕೆ ಹೋಗಿದ್ದವನು ಕಾಲರಿನ ಮೇಲೆ ಕೂದಲು ಅಂಟಿಸಿಕೊಂಡೇ ಒಳಗೆ ಬಂದ. ಇಪ್ಪತ್ತೈದು ವರ್ಷದಿಂದ ಅವನು ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವವನು. ಎಷ್ಟು ತೊಳೆದರೂ ಉಗುರಿನ ಬುಡದಲ್ಲಿ ಯಾವುದಾದರೊಂದು ಬಣ್ಣ ಇರುತ್ತಿತ್ತು. ಮೇಜಿನ ಹತ್ತಿರ ಬಂದು ಗಿಟಾರನ್ನು ನೋಡಿ ನಿಂತ. ಮುಟ್ಟಲಿಲ್ಲ.

"ಎಲ್ಲಿಂದ ತಂದೆ?"

"ಮೇಷ್ಟ್ರ ಅಂಗಡಿ."

"ವಾಪಸ್ ಕೊಟ್ಟು ಬಾ."

ಯಾಕೆ ಎಂದು ಅವಳು ಕೇಳಿದಳು. ಕೊಡು ಅಂದರೆ ಕೊಡು ಎಂದ. ಕಾಲೇಜು ಬಿಟ್ಟಾಗಲೂ ಇದೇ ಧಾಟಿ, ಬ್ಯಾಂಡು ಸೇರಿದಾಗಲೂ ಇದೇ ಧಾಟಿ, ಕಾರಣ ಹೇಳಲು ನಿನ್ನ ಬಾಯಿಗೆ ಏನಾಗುತ್ತೆ ಎಂದು ಅವಳು ಎದುರು ನಿಂತಳು. ಗೀಸರು ಕೆಟ್ಟು ಮೂರು ತಿಂಗಳಾಯಿತು, ದಿನಾ ಒಲೆ ಮೇಲೆ ನೀರು ಕಾಯಿಸಿ ಬಕೆಟ್ ಹೊರುತ್ತಿದ್ದೇನೆ, ಈ ಮನೆಯಲ್ಲಿ ಹಳೇ ಕಟ್ಟಿಗೆಗೆ ಇಷ್ಟು ದುಡ್ಡು ಎಂದು ಅಮ್ಮ ನಡುವೆ ಬಂದಳು. ಅಪ್ಪ ಆ ಜಗಳಕ್ಕೂ ನಿಲ್ಲಲಿಲ್ಲ. ಕೊಳೆಯೇ ಇಲ್ಲದ ಕೈ ತೊಳೆಯಲು ಬಚ್ಚಲಿಗೆ ಹೋದ.

ತಂತಿ ಪಟ್ಟು ಹಿಡಿದಳು. ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಹಳೇ ಗಿಟಾರು ಕೊಳ್ಳುವಾಗ ಏನೇನು ನೋಡಬೇಕು ಎಂದು ವರ್ಷಗಟ್ಟಲೆ ಓದಿ, ಕೇಳಿ, ಹನ್ನೆರಡು ಬಾಬತ್ತು ಬರೆದಿಟ್ಟಿದ್ದಳು. ದಿನಾ ಪಾಳಿ ಮುಗಿಸಿ ಬಂದು ಒಂದೊಂದು ಪರೀಕ್ಷೆ. ಹಿಂಬದಿಯ ತಗಡಿನ ನಂಬರು ಗಿಟಾರು ಮಾಡಿದ ಕಾರ್ಖಾನೆಯ ಆ ವರ್ಷದ ಲೆಕ್ಕಕ್ಕೆ ಸರಿಹೋಯಿತು. ವಾಲ್ಯೂಮ್ ತಿರುಗಿಸುವ ಗುಂಡಿಗಳ ಬೆನ್ನ ಮೇಲೆ ಅಚ್ಚಾದ ಅಂಕಿಯೂ ಅದೇ ವರ್ಷದ್ದು. ಒಳಗಿನ ಬೆಸುಗೆ ಹಳೇ ಕಾಲದ ಹಾಗೆ ಮಂಕಾಗಿತ್ತು, ಮತ್ತೆ ಕಾಯಿಸಿದ ಹೊಳಪಿರಲಿಲ್ಲ. ಬಟ್ಟೆ ಸುತ್ತಿದ ವೈರು. ತುಕ್ಕು ಸಮನಾಗಿ ಹಿಡಿದ ಸ್ಕ್ರೂಗಳು.

ತೂಕ ನೋಡಲು ಅಜ್ಜಿಯನ್ನು ಕರೆದಳು. ಗಿಟಾರನ್ನು ಹಿಡಿದುಕೊಂಡು ತೂಕದ ಮಷೀನಿನ ಮೇಲೆ ತಾನು ನಿಲ್ಲುವುದು, ಅಜ್ಜಿ ಬಗ್ಗಿ ಅಂಕಿ ಓದುವುದು. ಆಮೇಲೆ ಗಿಟಾರಿಲ್ಲದೆ ನಿಲ್ಲುವುದು. ಗಿಟಾರಿನ ತೂಕ ಸರಿಯಾಗಿದೆ, ನಿನ್ನದೇ ಕಡಿಮೆ, ಸೊಟ್ಟ ಬ್ರೆಡ್ಡು ತಿಂದರೆ ಇನ್ನೇನಾಗುತ್ತೆ ಎಂದಳು ಅಜ್ಜಿ. ಅಷ್ಟು ಹೇಳಿದವಳು ಗಿಟಾರಿನ ಸವೆದ ಜಾಗದ ಮೇಲೆ ಒಮ್ಮೆ ಬೆರಳಾಡಿಸಿ, ಏನೋ ಹೇಳಹೋಗಿ, ಬಟಾಣಿ ಬಿಡಿಸುವುದಿದೆ ಎಂದು ಎದ್ದುಹೋದಳು.

ಎಂಟು ಬಾಬತ್ತು ಪಾಸಾದವು. ಒಂಬತ್ತನೆಯದು ಮೊಳೆಯ ತೂತು. ಆ ಗಿಟಾರು ಕಾರ್ಖಾನೆಯಲ್ಲಿ ಬಾಡಿಯ, ಅಂದರೆ ಗಿಟಾರಿನ ಮರದ ಒಡಲಿನ ಮುಂಭಾಗಕ್ಕೆ ಮೂರು ಸಣ್ಣ ಮೊಳೆ ಹೊಡೆದು, ಬಣ್ಣ ಬಳಿದ ಮೇಲೆ ಆ ಮೊಳೆಗಳ ಕಾಲ ಮೇಲೆ ಅದನ್ನು ಬೋರಲು ನಿಲ್ಲಿಸಿ ಒಣಗಿಸುತ್ತಿದ್ದರು. ಒಣಗಿದ ಮೇಲೆ ಮೊಳೆ ಕೀಳುತ್ತಿದ್ದರು. ಹಾಗಾಗಿ ಮುಂಭಾಗವನ್ನು ಮುಚ್ಚುವ ಪ್ಲಾಸ್ಟಿಕ್ ಫಲಕದ ಕೆಳಗೆ ಬಣ್ಣವಿಲ್ಲದ ಮೂರು ಪುಟ್ಟ ತೂತು ಇರಲೇಬೇಕು. ತಂತಿ ಫಲಕ ಬಿಚ್ಚಿದಳು. ತೂತು ಇರಲಿಲ್ಲ. ಬ್ಯಾಂಡಿನ ಡ್ರಮ್ಮರಿಗೆ ಫೋನು ಮಾಡಿದಳು. ಕೆಲವು ವರ್ಷ ಮೊಳೆ ಹೊಡೀತಿರಲಿಲ್ಲವೋ ಏನೋ ಎಂದು ಅವನು ಬಾಯಿಗೆ ಬಂದದ್ದು ಹೇಳಿದ. ಅವಳು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪಾಸು ಎಂದು ಗುರುತು ಹಾಕಿದಳು. ಬೇರೆಯವರ ಗಿಟಾರಾಗಿದ್ದರೆ ಅಲ್ಲಿಗೇ ಪೆಟ್ಟಿಗೆ ಮುಚ್ಚಿಸುತ್ತಿದ್ದಳು. ಅಪ್ಪ ಬೇಡ ಎಂದಷ್ಟೂ ಇದು ಅವಳಿಗೆ ಅಸಲಿಯಾಗುತ್ತ ಹೋಯಿತು.

ಅಪ್ಪ ಆ ದಿನಗಳಲ್ಲಿ ಸರಿಯಾಗಿ ಉಣ್ಣಲಿಲ್ಲ. ತಟ್ಟೆಯ ಮುಂದೆ ಕೂತು, ಇನ್ನೂ ಕೊಟ್ಟಿಲ್ಲವಾ ಎನ್ನುವುದು; ಇಲ್ಲ ಎಂದರೆ ಅರ್ಧಕ್ಕೇ ಏಳುವುದು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಡೀ ದಿನ ಹಾಸಿಗೆ ಬಟ್ಟೆ ಮಡಿಸಿ ಬಂದು ಮನೆಯಲ್ಲೂ ಬಟ್ಟೆಯನ್ನೇ ಮಡಿಸುವವಳು. ಅನ್ನದ ಮೇಲೆ ಕೋಪ ತೋರಿಸುವ ಗಂಡಸನ್ನು ಕಂಡರೆ ಅವಳಿಗಾಗದು. ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ ಮರುದಿನ ಅವನಿಗೇ ಕಟ್ಟಿ ಕಳಿಸಿದಳು.

ಎರಡನೇ ವಾರದ ಗುರುವಾರ ಸಂಜೆ, ಎಲ್ಲರೂ ಮೇಜಿನ ಸುತ್ತ ಕೂತು ಬ್ರೆಡ್ಡು, ಆಲೂಗಡ್ಡೆ ತಿನ್ನುತ್ತಿದ್ದಾಗ ತಂತಿ ಗಿಟಾರಿನ ಬಾಡಿಯನ್ನು ಎತ್ತಿಕೊಂಡು ಬಂದಳು. ಆ ದಿನ ನೆಕ್ಕಿನ, ಅಂದರೆ ಗಿಟಾರಿನ ಉದ್ದ ಕತ್ತಿನ ಸರದಿ. ನಾಲ್ಕು ಸ್ಕ್ರೂ ಬಿಚ್ಚಿ ನೆಕ್ಕನ್ನು ಬೇರೆ ಮಾಡಿದ್ದಳು. ನೆಕ್ಕಿನ ಬುಡದಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಕು ಸರಿಯಾಗಿತ್ತು. ಆದರೆ ನೆಕ್ಕು ಕೂರುವ ಗುಂಡಿಯಲ್ಲಿ, ಎಡಗಡೆ ಮೂಲೆಯಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ತೂತಿತ್ತು. ಇದೇನು ಗೊತ್ತಾಗುತ್ತಿಲ್ಲ ಎಂದು ಅವಳು ಟಾರ್ಚು ಬಿಟ್ಟು ತೋರಿಸಿದಳು. ಕೇಳಿದ್ದು ಯಾರನ್ನೂ ಅಲ್ಲ.

"ಕೊಕ್ಕೆಯದು," ಎಂದ ಅಪ್ಪ.

"ಯಾವ ಕೊಕ್ಕೆ?"

"ನೇತುಹಾಕೋ ಕೊಕ್ಕೆ. ಗ್ಯಾರೇಜಲ್ಲಿ ಬಾಗಿಲು, ಬಂಪರು, ಬಾನೆಟ್ಟು ಎಲ್ಲಾನೂ ನೇತುಹಾಕೇ ಸ್ಪ್ರೇ ಹೊಡೆಯೋದು. ಇದಕ್ಕೆ ಕೊಕ್ಕೆ ಸಿಗಿಸೋಕೆ ಜಾಗ ಇರಲಿಲ್ಲ. ಅದಕ್ಕೆ ಅಲ್ಲೊಂದು ಕೊರೆದದ್ದು."

"ಯಾರು ಕೊರೆದದ್ದು?"

"ನಾನು."

ಅಮ್ಮ ಚಮಚ ಕೆಳಗಿಟ್ಟಳು. ಅಪ್ಪ ಒಂದೇ ಉಸಿರಿಗೆ ಎಲ್ಲ ಹೇಳಿದ. ಹತ್ತು ವರ್ಷದ ಹಿಂದೆ ಮೇಷ್ಟ್ರು ಒಡೆದುಹೋದ ಹಳೇ ಗಿಟಾರುಗಳನ್ನು ಕೊಳ್ಳುತ್ತಿದ್ದರು. ನೆಕ್ಕು, ವೈರು, ಗುಂಡಿ, ಸ್ಕ್ರೂ ಎಲ್ಲ ಅಸಲಿ. ಬಾಡಿ ಮಾತ್ರ ಬಡಗಿಯ ಕೈಯಲ್ಲಿ ಹೊಸದು ಮಾಡಿಸುವುದು. ಆ ಕಾಲದ ಕಾರ್ಖಾನೆಯವರು ಬಳಿಯುತ್ತಿದ್ದದ್ದು ಕಾರಿನ ಬಣ್ಣವನ್ನೇ ಆದ್ದರಿಂದ ಮೇಷ್ಟ್ರು ಕಾರು ಪೇಂಟರನ್ನೇ ಹುಡುಕಿಕೊಂಡು ಬಂದರು. ಬಣ್ಣ ಹೊಡೆದು, ಹಳತು ಮಾಡಿ ಕೊಡಬೇಕು. ಮಹಡಿಯ ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ, ಮಗಳಿಗೆ ವಾಸನೆ ಆಗಲ್ಲ ಎಂದು ಬೀಗ ಹಾಕಿಕೊಂಡು ಮಾಡಿದ ಕೆಲಸ. ಈ ಎಳೆ ಹಸಿರು, ಗ್ಯಾರೇಜಿಗೆ ಬಂದ ಯಾವುದೋ ಹಳೇ ಕಾರಿಗೆ ಕಲಸಿದ ಬಣ್ಣದಲ್ಲಿ ಉಳಿದದ್ದು. ಪೆಟ್ಟಿಗೆ ತೆರೆದ ಭಾನುವಾರವೇ ಅವನಿಗೆ ಗುರುತು ಸಿಕ್ಕಿತ್ತು.

"ಗೊತ್ತಿದ್ದೂ ಮಾಡಿದೆಯಾ?" ಎಂದಳು ತಂತಿ.

"ಮೊದಲೆರಡು ಸಲ ರಿಪೇರಿ ಅಂದರು, ನಂಬಿದೆ. ಮೂರನೇದಕ್ಕೆ ನಂಬಿದ ಹಾಗೆ ಮಾಡಿದೆ. ನೀನು ಗಿಟಾರು ಹಿಡಿದ ವರ್ಷ ಬಿಟ್ಟೆ."

"ಎಷ್ಟು ಮಾಡಿದೆ ಒಟ್ಟು?"

"ಏಳು."

"ಎಂಟು," ಎಂದಳು ಅಜ್ಜಿ. "ಹಳದೀದು ಮರೆತೆಯೇನೋ? ಅದಕ್ಕೂ ಇದಕ್ಕೂ ಮರ ಕಂದಾಗಲಿ ಅಂತ ಚಹಾ ಡಿಕಾಕ್ಷನ್ ಹಾಕಿ ಮೂರು ಮೂರು ದಿನ ಉಜ್ಜಿದ್ದು ನಾನು. ಪಾಲಿಶ್ ಮಾಡೋದು ಅಂತ ಹೇಳಿದ್ದ, ಕತ್ತೆ."

ತಂತಿಗೆ ಕೋಪ ನೆತ್ತಿಗೇರಿತು. ಹನ್ನೊಂದು ದಿನ ತನ್ನನ್ನು ಟಾರ್ಚು ಹಿಡಿದು ಕುಣಿಯಲು ಬಿಟ್ಟು ಸುಮ್ಮನೆ ಕೂತಿದ್ದರಲ್ಲ ಎಂದಳು. ಈ ಮನೆಯಲ್ಲಿ ಮೋಸದ ದುಡ್ಡು ಎಲ್ಲೆಲ್ಲಿ ಅಂಟಿದೆಯೋ ಯಾರಿಗೆ ಗೊತ್ತು ಎಂದಳು. ಆ ಮಾತು ಅಮ್ಮನಿಗೆ ಚುಚ್ಚಿತು.

"ಎಲ್ಲಿ ಅಂಟಿದೆ ಅಂತ ನಾನು ಹೇಳಲಾ? ಹೋಗಿ ಕನ್ನಡಿ ಮುಂದೆ ನಿಂತು ಬಾಯಿ ತೆಗಿ. ನಿನ್ನ ಹಲ್ಲಿಗೆ ಕಟ್ಟಿದ ತಂತಿ ಎಲ್ಲಿಂದ ಬಂತು ಅಂದ್ಕೊಂಡೆ? ಕಾರಿಗೆ ಬಣ್ಣ ಹೊಡೆದ ಸಂಬಳದಲ್ಲಿ ಹಲ್ಲು ಸರಿ ಆಗುತ್ತಾ?"

ತಂತಿ ತುಟಿ ಮುಚ್ಚಿಕೊಂಡು ಬಾಡಿಯನ್ನು ಎತ್ತಿಕೊಂಡು ಕೋಣೆಗೆ ಹೋದಳು. ಅವಳ ಪಾಲಿನ ಆಲೂಗಡ್ಡೆಯನ್ನು ಅಮ್ಮ ಒಂದು ಬಟ್ಟಲಿನಲ್ಲಿ ಮುಚ್ಚಿಟ್ಟಳು.

ಮರುದಿನ ಅಪ್ಪ ಯಾರಿಗೂ ಹೇಳದೆ ಕೆಲಸದಿಂದ ನೇರ ಮೇಷ್ಟ್ರ ಅಂಗಡಿಗೆ ಹೋಗಿಬಂದ. ಗಿಟಾರು ಒಯ್ದ ಹುಡುಗಿ ಇವನ ಮಗಳು ಎಂದು ಮೇಷ್ಟ್ರಿಗೆ ಗೊತ್ತಾದದ್ದೇ ಆಗ. ಬಂದವನ ಮುಖ ಅರ್ಧ ಗೆಲುವಾಗಿತ್ತು. ಮೇಷ್ಟ್ರು ದೊಡ್ಡ ಮನಸ್ಸು ಮಾಡಿದ್ದಾರೆ, ಮುಂಗಡ ಪೂರ್ತಿ ವಾಪಸ್ ಕೊಡುತ್ತಾರೆ, ಮೇಲೆ ಒಂದು ಹೊಚ್ಚಹೊಸ ಗಿಟಾರು ಪುಕ್ಕಟೆ. ಹಸಿರು ಗಿಟಾರು ಸದ್ದಿಲ್ಲದೆ ವಾಪಸ್ ಬರಬೇಕು, ವಿಷಯ ಇಲ್ಲಿಗೆ ಮುಗಿಯಬೇಕು, ಅಷ್ಟೇ.

"ವಾಪಸ್ ಹೋಗಿದ್ದನ್ನ ಏನು ಮಾಡ್ತಾರೆ?" ಎಂದು ತಂತಿ ಕೇಳಿದಳು.

ಅಪ್ಪ ಶರ್ಟಿನ ಗುಂಡಿ ಬಿಚ್ಚುತ್ತ, ಅದು ಅವರ ವ್ಯಾಪಾರ ಎಂದ.

"ಇನ್ನೊಬ್ಬರಿಗೆ ಮಾರ್ತಾರೆ. ನನ್ನ ಹಾಗೆ ನಾಲ್ಕು ವರ್ಷ ಎಲ್ಲೋ ನಿಂತು ದುಡಿದಿರೋರಿಗೆ. ಅವರ ಮನೇಲಿ ತೂತು ಗುರುತು ಹಿಡಿಯೋ ಅಪ್ಪ ಇರಲ್ಲ."

ಅಮ್ಮ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಊರ ಉಸಾಬರಿ ನಿನಗೆ ಬೇಡ ಎಂದಳು. ಗ್ಯಾರೇಜಿನ ಯಜಮಾನನೂ ಮೇಷ್ಟ್ರೂ ವಾರಕ್ಕೊಮ್ಮೆ ಒಟ್ಟಿಗೆ ಇಸ್ಪೀಟು ಆಡುವವರು. ಇಲ್ಲಿ ಬಾಯಿ ಬಿಟ್ಟರೆ ಅಲ್ಲಿ ಕೆಲಸ ಹೋಗುತ್ತದೆ. ಐವತ್ತು ದಾಟಿದ ಪೇಂಟರನ್ನು ಇನ್ನಾರು ಸೇರಿಸಿಕೊಳ್ಳುತ್ತಾರೆ? ಅಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ತಂತಿಗೂ ಅದು ಗೊತ್ತಿತ್ತು. ಆದರೂ ಇಲ್ಲ ಎಂದಳು. ಪುಕ್ಕಟೆ ಗಿಟಾರು ಈ ಮನೆ ಹೊಸಿಲು ದಾಟಿದರೆ ತಾನು ದಾಟಿ ಹೊರಗೆ ಹೋಗುವುದಾಗಿ ಹೇಳಿದಳು. ತಾನು ಮೇಷ್ಟ್ರ ಅಂಗಡಿಗೆ ಹೋಗುವುದು ಮುಂದಿನ ವಾರದ ಶನಿವಾರ ಮಧ್ಯಾಹ್ನ, ಜನ ತುಂಬಿರುವ ಹೊತ್ತಿಗೆ. ಇದನ್ನು ಯಾರು ಮಾಡಿದ್ದು ಎಂದು ಎಲ್ಲರೆದುರು ಹೇಳಿಯೇ ಬರುವುದು.

"ನನ್ನ ಹೆಸರು ಎತ್ತಬೇಡ," ಎಂದ ಅಪ್ಪ.

"ಎತ್ತೇ ಎತ್ತುತೀನಿ."

"ನನಗೂ ಮಾನ ಇದೆ ಕಣೇ."

"ನನಗೂ ಇದೆ. ಮುಂಗಡದ ಜೊತೆ ಅದನ್ನೂ ಆ ಅಂಗಡೀಲಿ ಇಟ್ಟು ಬಂದಿದೀನಿ."

ಆ ವಾರ ಮನೆ ಮನೆಯಾಗಿರಲಿಲ್ಲ. ಅಮ್ಮ ಮಗಳ ಬಟ್ಟೆಯನ್ನು ಒಗೆಯದೆ ಪಕ್ಕಕ್ಕಿಟ್ಟಳು. ಮಗಳು ತಾನೇ ಒಗೆದುಕೊಂಡಳು. ತಂತಿ ಮನೆಯಲ್ಲಿ ಉಣ್ಣುವುದು ಬಿಟ್ಟು ಸೊಟ್ಟ ಬ್ರೆಡ್ಡಿನಲ್ಲೇ ರಾತ್ರಿಯನ್ನೂ ಕಳೆದಳು. ಅಪ್ಪ ತಾನು ಸ್ನಾನಕ್ಕೆ ಕಾಯಿಸಿದ ನೀರಿನಲ್ಲಿ ಅರ್ಧ ಬಕೆಟ್ಟನ್ನು ದಿನಾ ಅವಳಿಗೆ ಬಿಟ್ಟಿಟ್ಟ. ಅವಳು ಅದನ್ನು ಮುಟ್ಟದೆ ತಣ್ಣೀರು ಹಾಕಿಕೊಂಡು ಹೋದಳು. ಒಂದೇ ಮನೆಯಲ್ಲಿ ನಾಲ್ಕು ಜನ, ಮಾತೆಲ್ಲ ಅಜ್ಜಿಯ ಮೂಲಕ: ಅವಳಿಗೆ ಹೇಳು, ಅವನಿಗೆ ಹೇಳು. ನಾಲ್ಕನೇ ದಿನಕ್ಕೆ ಅಜ್ಜಿಗೆ ರೇಗಿಹೋಗಿ, ನಾನೇನು ಟಪಾಲು ಕಚೇರಿಯಾ ಎಂದು ಕಿವಿ ಕೇಳಿಸದವಳ ಹಾಗೆ ಕೂತುಬಿಟ್ಟಳು.

ಶನಿವಾರ ತಂತಿ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಅಜ್ಜಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ನೂಕುನುಗ್ಗಲು, ನೀನು ಬೇಡ ಎಂದರೆ ಜಪ್ಪಯ್ಯ ಅಂದರೂ ಕೇಳಲಿಲ್ಲ. ಉಜ್ಜಿದವಳು ನಾನು, ನನ್ನ ಮೈಗೆ ಕೈಗೆ ಏನಾದರೂ ಆದರೆ ಆಗಲಿ ಎಂದು ಮೊದಲು ಬಸ್ಸು ಹತ್ತಿದವಳೂ ಅವಳೇ.

ಅಂಗಡಿಯಲ್ಲಿ ಆರೇಳು ಜನರಿದ್ದರು. ಗೋಡೆಯ ತುಂಬ ನೇತುಹಾಕಿದ ಗಿಟಾರುಗಳು, ಗಾಜಿನ ಮೇಜಿನ ಹಿಂದೆ ಮೇಷ್ಟ್ರು. ಗಿಟಾರು ಹುಡುಗಿ ಬಂದಳು ಎಂದು ನಗುತ್ತಲೇ ಎದ್ದರು. ತಂತಿ ಪೆಟ್ಟಿಗೆಯನ್ನು ಗಾಜಿನ ಮೇಲಿಟ್ಟು, ಇದು ನಕಲಿ, ನನ್ನ ಮುಂಗಡ ಕೊಡಿ ಎಂದಳು. ಬಾಡಿ ಹೊಸದು, ಬಣ್ಣ ಹೊಡೆದದ್ದು ನನ್ನ ಅಪ್ಪ ಎಂದಳು. ಗಿಟಾರಿನ ಬಿಡಿಭಾಗ ಕೊಳ್ಳುತ್ತಿದ್ದವರು, ನುಡಿಸಿ ನೋಡುತ್ತಿದ್ದವರು ಎಲ್ಲ ತಿರುಗಿ ನೋಡಿದರು.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಮಗುವಿಗೆ ಪಾಠ ಹೇಳುವ ಹಾಗೆ ಗಿಟಾರನ್ನು ಬೆಳಕಿಗೆ ಹಿಡಿದರು.

"ನೋಡಮ್ಮ, ಈ ಬಿರುಕು, ಈ ಸವೆತ. ಇದು ಮನುಷ್ಯನ ಕೈಯಲ್ಲಿ ಆಗೋ ಕೆಲಸ ಅಲ್ಲ, ಕಾಲವೇ ಮಾಡಬೇಕು. ನಿಮ್ಮಪ್ಪ ಒಳ್ಳೆಯವನೇ, ಆದರೆ ಕಾರಿಗೆ ಬಣ್ಣ ಬಳಿಯೋನು. ಇಂಥದ್ದು ಅವನ ಕೈಲಾಗುತ್ತಾ, ನೀನೇ ಯೋಚನೆ ಮಾಡು."

"ಒಂಬತ್ತು ದಿನ ಹಿಡೀತು ಮೇಷ್ಟ್ರೇ."

ಅಪ್ಪ ಬಾಗಿಲಲ್ಲಿದ್ದ. ಗ್ಯಾರೇಜಿನ ನೀಲಿ ಅಂಗಿಯಲ್ಲೇ ಬಂದಿದ್ದ, ಮೂಗಿಗೆ ಕಟ್ಟುವ ಮಾಸ್ಕು ಕತ್ತಿನಲ್ಲಿ ನೇತಾಡುತ್ತಿತ್ತು. ತಡೆಯಲೆಂದು ಬಂದನೋ, ಹೇಳಲೆಂದು ಬಂದನೋ, ಆಮೇಲೆ ಕೇಳಿದರೂ ಅವನು ಹೇಳಲಿಲ್ಲ. ಕೈಲಾಗುತ್ತಾ ಎಂಬ ಮಾತಂತೂ ಅವನ ಕಿವಿಗೆ ಬಿದ್ದಿತ್ತು.

"ಮೂರು ಕೋಟು ಬಣ್ಣ ಹೊಡೆದೆ. ಆಮೇಲೆ ಐಸ್ ಕಾರ್ಖಾನೆಯ ತಣ್ಣಗಿನ ಕೋಣೇಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಿಸಿಲಿಗೆ ಹಿಡಿದೆ. ಬಿರುಕು ಬಂದಿದ್ದು ಹಾಗೆ. ಮುಂಗೈ ಜಾಗ ಸವೆಸೋಕೇ ಮೂರು ದಿನ."

"ಚಹಾದ್ದೂ ಹೇಳೋ," ಎಂದಳು ಅಜ್ಜಿ.

ಹೊಟ್ಟೆಕಿಚ್ಚಿಗೆ ಯಾರು ಏನು ಬೇಕಾದರೂ ಹೇಳಬಹುದು ಎಂದರು ಮೇಷ್ಟ್ರು. ಈಗ ನಗು ಇರಲಿಲ್ಲ. ಅಪ್ಪ ಒಳಗೆ ಬಂದು, ಮಗಳು ಜೊತೆಗೆ ತಂದಿದ್ದ ಸ್ಕ್ರೂಡ್ರೈವರನ್ನು ಅವಳಿಂದ ಇಸಿದುಕೊಂಡ. ಬಿಚ್ಚುವ ಮೊದಲೇ ಸುತ್ತ ನಿಂತವರಿಗೆ ಹೇಳಿದ: ಒಳಗೆ ಎಡಮೂಲೆಯಲ್ಲಿ ಒಂದು ತೂತಿರುತ್ತೆ, ತೂತಿನ ಬಾಯಲ್ಲಿ ಬೂದು ಬಣ್ಣ ಕಾಣುತ್ತೆ. ಮರಕ್ಕೆ ಯಾರೂ ಆ ಬೂದು ಪ್ರೈಮರ್ ಹಾಕಲ್ಲ, ಅದು ತಗಡಿಗೆ ಹಾಕೋದು. ನನಗೆ ಕೈ ಅಭ್ಯಾಸ, ಹಾಕಿಬಿಟ್ಟೆ. ನಾಲ್ಕು ಸ್ಕ್ರೂ ಬಿಚ್ಚಿ ನೆಕ್ಕು ತೆಗೆದ. ಎಲ್ಲರೂ ಬಗ್ಗಿ ನೋಡಿದರು. ತೂತಿತ್ತು, ಬೂದು ಬಣ್ಣವೂ ಇತ್ತು.

ಮೇಷ್ಟ್ರು ಗಲ್ಲಾಪೆಟ್ಟಿಗೆ ತೆಗೆದು ಮುಂಗಡವನ್ನು ಎಣಿಸದೆ ತಂತಿಯ ಮುಂದೆ ಹಾಕಿ, ತೊಲಗಿ ಎಂದರು. ಅಪ್ಪ ತೊಲಗಲಿಲ್ಲ. ಸ್ಕ್ರೂಡ್ರೈವರಿನ ಮೊನೆಯನ್ನು ನೆಕ್ಕು ಕೂರುವ ಆ ಗುಂಡಿಯಲ್ಲಿ ಒತ್ತಿ ತನ್ನ ಹೆಸರು, ಗ್ಯಾರೇಜಿನ ವಿಳಾಸ, ಬಣ್ಣ ಹೊಡೆದ ಇಸವಿ ಕೊರೆಯತೊಡಗಿದ. ಹಸಿರು ಪುಡಿ ಗಾಜಿನ ಮೇಲೆ ಉದುರಿತು. ನನ್ನ ಮಾಲು ಹಾಳು ಮಾಡುತ್ತಿದ್ದಾನೆ, ಪೊಲೀಸರಿಗೆ ಕೊಡುತ್ತೇನೆ ಎಂದು ಮೇಷ್ಟ್ರು ಕೂಗಾಡಿದರು.

"ಮರ ನಿಮ್ಮದು ಮೇಷ್ಟ್ರೇ," ಎಂದ ಅಪ್ಪ, ತಲೆ ಎತ್ತದೆ. "ಬಣ್ಣ ನನ್ನದು."

ಗುಂಪಿನಲ್ಲಿದ್ದ ಒಬ್ಬ ಬೋಳುತಲೆಯವನು ಆಗ ಮುಂದೆ ಬಂದ. ಔಷಧಿ ಅಂಗಡಿ ಇಟ್ಟವನಂತೆ. ಎಂಟು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೊಂಡ ಗಿಟಾರು ನನ್ನ ಮನೆಯಲ್ಲಿದೆ, ಪ್ರಮಾಣಪತ್ರ ಇದೆ, ಕಾರು ಪೇಂಟರನ ಮಾತು ಕೇಳಿ ಅದನ್ನು ನಕಲಿ ಅನ್ನಲು ನನಗೇನು ತಲೆ ಕೆಟ್ಟಿದೆಯಾ ಎಂದ. ನಿಮ್ಮದು ಯಾವ ಬಣ್ಣ ಎಂದು ಅಪ್ಪ ಕೇಳಿದ. ಆಕಾಶ ನೀಲಿ. ಅಪ್ಪ ಒಂದು ಕ್ಷಣ ಅವನ ಮುಖ ನೋಡಿ, ಮನೆ ವಿಳಾಸವನ್ನು ಚೀಟಿಯ ಮೇಲೆ ಬರೆದು ಅವನ ಕೈಗೆ ಕೊಟ್ಟ.

ಭಾನುವಾರ ಸಂಜೆಯೇ ಗ್ಯಾರೇಜಿನ ಯಜಮಾನನ ಫೋನು ಬಂತು. ಸದ್ಯಕ್ಕೆ ಬರಬೇಡ, ಬೇಕಾದಾಗ ಹೇಳಿಕಳಿಸುತ್ತೇನೆ. ಅಮ್ಮ ಕೇಳಿಸಿಕೊಂಡು, ಆಯಿತಲ್ಲ ಸಮಾಧಾನ ಎಂದು ಮಗಳ ಮುಂದೆ ತಟ್ಟೆ ಕುಕ್ಕಿದಳು. ಇಪ್ಪತ್ತೈದು ವರ್ಷದ ಕೆಲಸ ಒಂದು ತೂತಿನಲ್ಲಿ ಹೋಯಿತು ಎಂದಳು. ತಂತಿ ಮುಂಗಡದ ದುಡ್ಡನ್ನು ತಂದು ಮೇಜಿನ ಮೇಲಿಟ್ಟಳು. ಅಮ್ಮ ಅದನ್ನು ಅವಳ ಕಡೆಗೇ ತಳ್ಳಿದಳು. ನಾಲ್ಕು ವರ್ಷದ ನಿನ್ನ ಸೊಟ್ಟ ಬ್ರೆಡ್ಡಿನ ದುಡ್ಡು ನನಗೆ ಬೇಡ, ಗಂಡನ ಕೆಲಸ ಬೇಕಿತ್ತು ಎಂದಳು. ಸೋಮವಾರ, ಮಂಗಳವಾರ ಅಪ್ಪ ಮನೆಯಲ್ಲೇ ಇದ್ದ. ಗೀಸರು ಬಿಚ್ಚಿ ಕೂತು, ತನಗೆ ತಿಳಿಯದ ಕೆಲಸವನ್ನು ಎರಡು ದಿನ ಒದ್ದಾಡಿ ಸರಿ ಮಾಡಿದ. ಬಿಸಿನೀರು ಬಂತು. ಅಮ್ಮ ಸ್ನಾನ ಮಾಡಿದಳೇ ಹೊರತು ಏನೂ ಹೇಳಲಿಲ್ಲ.

ಬುಧವಾರ ಸಂಜೆ ಊಟಕ್ಕೆ ಕೂತಾಗ ಬಾಗಿಲ ಬೆಲ್ಲು ಹೊಡೆಯಿತು. ಔಷಧಿ ಅಂಗಡಿಯವನು ಪೆಟ್ಟಿಗೆ ಹಿಡಿದು ನಿಂತಿದ್ದ. ಒಳಗೆ ಕರೆದರೂ ಬಾಗಿಲಲ್ಲೇ ನಿಂತು ಮಾತಾಡಿದ. ನಿಮ್ಮ ಸುಳ್ಳನ್ನು ನಿಮ್ಮ ಮುಂದೆಯೇ ಬಯಲು ಮಾಡಲು ತಂದಿದ್ದೇನೆ ಎಂದ. ಮೇಷ್ಟ್ರು ಎಲ್ಲ ಹೇಳಿದ್ದಾರೆ ಎಂದ.

"ಏನು ಹೇಳಿದಾರೆ?" ಎಂದಳು ಅಮ್ಮ.

ನಿಮ್ಮ ಯಜಮಾನರು ಕುಡಿದು ಬಂದಿದ್ದರಂತೆ, ಪಕ್ಕದ ರಸ್ತೆಯ ಅಂಗಡಿಯವರು ದುಡ್ಡು ಕೊಟ್ಟು ಹೇಳಿಸಿದ್ದಂತೆ. ಅಂಥ ಕೆಲಸ ಮಾಡುವ ಯೋಗ್ಯತೆಯೇ ಇಲ್ಲವಂತೆ, ಎರಡು ಬಣ್ಣ ಸಮನಾಗಿ ಕಲಸಲೂ ಬಾರದಂತೆ.

ಅಮ್ಮ ತಿರುಗಿ ಮೇಜಿನ ಮೇಲಿದ್ದ ನಾಲ್ಕು ತಟ್ಟೆಗಳನ್ನೂ ಎತ್ತಿದಳು. ಅನ್ನ ಕಲಸುತ್ತಿದ್ದ ಗಂಡನ ತಟ್ಟೆಯನ್ನೂ ಕಿತ್ತುಕೊಂಡಳು. ಒದ್ದೆ ಬಟ್ಟೆಯಿಂದ ಮೇಜು ಒರೆಸಿ, ಮೇಲೊಂದು ಮಡಿಸಿದ ಹಾಸಿಗೆ ಬಟ್ಟೆ ಹಾಸಿದಳು.

"ಇಲ್ಲಿಡಿ. ಕೈ ತೊಳ್ಕೊಂಡು ಬನ್ರೀ ನೀವು," ಎಂದಳು ಗಂಡನಿಗೆ.

ಅಪ್ಪ ಕೈ ತೊಳೆದು ಬಂದ. ಪೆಟ್ಟಿಗೆ ತೆರೆದಾಗ ನೀಲಿ ಗಿಟಾರು ಕಂಡು ಅವನ ಮುಖ ಸಣ್ಣದಾಯಿತು. ಚೆನ್ನಾಗಿ ಮಾಡಿದ್ದ ಅದನ್ನು. ಇಲ್ಲಿ ಎಡಮೂಲೆಗೆ ಕೊರೆಯಲಿಲ್ಲ, ಮರದಲ್ಲಿ ಗಂಟಿತ್ತು, ಬಲಕ್ಕೆ ಕೊರೆದೆ ಎಂದು ಮೊದಲೇ ಹೇಳಿದ. ತಂತಿ ನಾಲ್ಕು ಸ್ಕ್ರೂ ಬಿಚ್ಚಿದಳು. ಅಜ್ಜಿ ಟಾರ್ಚು ಹಿಡಿದಳು. ತೂತು ಬಲಮೂಲೆಯಲ್ಲೇ ಇತ್ತು.

ಔಷಧಿ ಅಂಗಡಿಯವನು ಬಗ್ಗಿ ತೂತಿನ ಬಾಯಿಗೆ ಬೆರಳು ಒತ್ತಿ ನೋಡಿದ. ಅವನ ಬಗ್ಗೆ ತಂತಿಗೆ ನಿಜಕ್ಕೂ ಅಯ್ಯೋ ಅನಿಸಿತು. ಎಂಟು ವರ್ಷ ಅವನೂ ಅದನ್ನು ಮುದ್ದು ಮಾಡಿದ್ದಾನೆ. ಕೊನೆಗೆ ಅವನು ಅಪ್ಪನ ಕಡೆ ತಿರುಗಿ, ಹಾಗಾದರೆ ನನ್ನ ದುಡ್ಡು ನೀನೇ ಕಟ್ಟಿಕೊಡಬೇಕು ಎಂದ.

"ನೀವು ದುಡ್ಡು ಕೊಟ್ಟಿದ್ದು ಮೇಷ್ಟ್ರಿಗೆ," ಎಂದಳು ಅಮ್ಮ. "ಇವರಿಗೆ ಸಿಕ್ಕಿದ್ದು ಒಂಬತ್ತು ದಿನದ ಕೂಲಿ. ತಪ್ಪಿಗೆ ಕೆಲಸ ಕಳ್ಕೊಂಡು ಮನೇಲಿ ಕೂತಿದಾರೆ, ಇನ್ನೂ ಬೈಬೇಕು ಅನ್ಸಿದ್ರೆ ಬೈರಿ. ಆದ್ರೆ ಕುಡುಕ ಅಂತ, ಕೆಲಸ ಬರಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಕೇಳ್ಕೊಂಡು ಕೂರೋಳಲ್ಲ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೀತಾರೆ. ನೀವು ಇದನ್ನ ತಗೊಂಡು ಬನ್ನಿ. ನಾವೂ ಬರ್ತೀವಿ, ನಾಲ್ಕೂ ಜನ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಅವನಿಗೆ ಇನ್ನೊಂದು ತಟ್ಟೆ ಬಡಿಸಿ ಮುಂದಿಟ್ಟಳು, ಬಂದವನಿಗೂ ಒಂದು ಕುರ್ಚಿ ಎಳೆದಳು. ಆಮೇಲೆ ಫೋನು ಎತ್ತಿಕೊಂಡು ಲಾಂಡ್ರಿಯ ಸೂಪರ್‌ವೈಸರಿಗೆ, ನಾಳೆ ನಾನು ಬರಲ್ಲ, ಮನೆ ಕೆಲಸ ಇದೆ ಎಂದಳು.